ಎಣ್ಣೆ ಕುಡಿದ ರಂಗೋಲಿ

“ನಿನ್ನ ಗಂಡ ಇಲ್ಲಿ ಹಲಸಿನ ಹಣ್ಣು ಕೊರೆದನಾ ಎಂತದು? ಅಂಗಳ ಇಡೀ ತೆಂಗಿನೆಣ್ಣೆ ವಾಸನೆ,” ಎಂದರು ಮನೆಯೊಡತಿ ಶಾರದಮ್ಮ.

ಸರಸ ತಲೆ ತಗ್ಗಿಸಿದಳು. “ಹಲಸಲ್ಲ ಅಮ್ಮ, ಮೋಟಾರ್ ಸೈಕಲಿನ ಗ್ರೀಸು. ಹಲಸಿನ ಮೇಣ ತೆಂಗಿನೆಣ್ಣೆಗೆ ಬಿಡ್ತದಲ್ಲ, ಹಾಗೇ ಇದೂ ಬಿಡ್ತದೆ ಅಂತ…”

“ಯಾರು ಹೇಳಿದ್ದು?”

“ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡದ್ದು.”

“ಮೇಣ ಅಂಟುದು ಕೈಗೆ ಮಾರಾಯ್ತಿ. ಸಿಮೆಂಟಿಗೆ ಕೈ ಉಂಟಾ? ಅದಕ್ಕೆ ಇರುದು ಬಾಯಿ ಮಾತ್ರ. ಕೊಟ್ಟದ್ದನ್ನೆಲ್ಲ ಕುಡೀತದೆ.” ಶಾರದಮ್ಮ ಸೆರಗು ಸಿಕ್ಕಿಸಿಕೊಂಡು ಕಲೆಯ ಸುತ್ತ ಒಂದು ಸುತ್ತು ಬಂದರು. “ಧನುರ್ಮಾಸಕ್ಕೆ ಇನ್ನು ವಾರವೂ ಇಲ್ಲ. ಅಷ್ಟರೊಳಗೆ ಅಂಗಳ ಸರಿಯಾಗದಿದ್ರೆ ನೀವು ಬೇರೆ ಮನೆ ನೋಡಿಕೊಳ್ಳಿ. ಕೋಪದಲ್ಲಿ ಹೇಳುದಲ್ಲ. ಹೇಳ್ಬೇಕಲ್ಲ, ಹೇಳಿದೆ.”

ಕೋಪವಿಲ್ಲದೆ ಹೇಳಿದ್ದೇ ಸರಸಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಈ ತಮಿಳು ಪಟ್ಟಣದ ತ್ರಿಪ್ಲಿಕೇನ್‌ನಲ್ಲಿ ಇಬ್ಬರಿಗಾಗುವಂಥ ಬಾಡಿಗೆ ಪೋರ್ಷನ್ ಸಿಗುವುದು ಸುಲಭವಲ್ಲ. ಮದುವೆಯಾದ ಮೇಲೂ ಗಂಡ ಸೀತಾರಾಮ ಬಹಳ ಕಾಲ ಲಾಡ್ಜಿನ ಕೋಣೆಯಲ್ಲಿದ್ದ. ಅವಳು ಉಡುಪಿಯಲ್ಲಿ ಅತ್ತೆಯ ಜೊತೆಗಿದ್ದಳು. ಈ ಮನೆ ಹೋದರೆ ಮತ್ತೆ ಅವನು ಲಾಡ್ಜಿಗೆ, ಅವಳು ಊರಿಗೆ.

ಸೀತಾರಾಮ ವಿಮೆಯ ಏಜೆಂಟು. ಪಟ್ಟಣದ ಹೊರಗೆ ಪೋರೂರಿನ ಕೆರೆಯಾಚೆಯ ಹಳ್ಳಿಗಳಲ್ಲೂ ಜನ ಸಾಯುತ್ತಾರೆ, ಅವರಿಗೂ ಪಾಲಿಸಿ ಬೇಕು ಎಂದು ಒಂದು ಹಳೆಯ ಮೋಟಾರ್ ಸೈಕಲ್ ಕೊಂಡು ತಂದಿದ್ದ. ತಂದವನೇ ಅಂಗಳದಲ್ಲಿ ಅದರ ಹೊಟ್ಟೆ ಬಿಚ್ಚಿದ. ಕರಿ ಎಣ್ಣೆ ಹರಿಯಿತು, ಗ್ರೀಸು ಉದುರಿತು. ಆ ಮೇಲೆ ಗಂಡ ಹೆಂಡತಿ ಸೇರಿ ಊರಿನ ಮದ್ದು ಮಾಡಿದರು. ಹರಿವಾಣದಷ್ಟಿದ್ದ ಕಲೆ ಚಾಪೆಯಷ್ಟಾಯಿತು.

ಅದು ಬರೀ ಅಂಗಳವಲ್ಲ. ಶಾರದಮ್ಮ ಈ ಊರಿಗೆ ಬಂದಾಗ ತುಳಸಿಕಟ್ಟೆಯ ಮುಂದೆ ಎರಡು ಗೆರೆ ಎಳೆಯುವುದಷ್ಟೇ ಗೊತ್ತಿತ್ತಂತೆ. ಅಕ್ಕಪಕ್ಕದ ತಮಿಳು ಹೆಂಗಸರು ಹಾಕುವ ಕೋಲಂ ರಂಗೋಲಿ ನೋಡಿ ನೋಡಿ ಕಲಿತರು. ಮಣ್ಣಿನ ಅಂಗಳ ಗೆರೆ ನುಂಗುತ್ತದೆ ಎಂದು ಅವರ ಯಜಮಾನರು, ಹೋಟೆಲು ನಡೆಸುತ್ತಿದ್ದವರು, ಅಡುಗೆಮನೆಗಿಂತ ಮೊದಲು ಅಂಗಳಕ್ಕೆ ಸಿಮೆಂಟು ಹಾಕಿಸಿದರು. ಈಗ ಅವರಿಲ್ಲ. ಧನುರ್ಮಾಸದ ಬೆಳಗಿನಲ್ಲಿ ದೇವಸ್ಥಾನಕ್ಕೆ ಹೊರಟ ಹೆಂಗಸರು ಈ ಗೇಟಿನ ಮುಂದೆ ಮಾತ್ರ ಒಂದು ಗಳಿಗೆ ನಿಲ್ಲುತ್ತಾರೆ.

ಸರಸ ಬೂದಿ ಹಾಕಿ ತಿಕ್ಕಿದಳು. ಅಂಟುವಾಳ ಹಾಕಿ ನೊರೆ ಎಬ್ಬಿಸಿದಳು. ಸೀಗೆಪುಡಿ ಹಾಕಿದ್ದೇ ತಪ್ಪಾಯಿತು, ಕರಿಯ ಮೇಲೆ ಕಂದು ಕೂತಿತು. ನೀರು ಸುರಿದಾಗ ಮಾತ್ರ ಕಲೆಯ ಮೇಲೆ ನವಿಲಿನ ಬಣ್ಣಗಳು ತೇಲಿಬಂದು, ನಿಧಾನವಾಗಿ ಸುತ್ತಿ, ಒಂದರೊಳಗೊಂದು ಕರಗುತ್ತಿದ್ದವು. ಕೈಯಲ್ಲಿ ತೆಂಗಿನ ನಾರು ಹಿಡಿದು ಅವಳು ನೋಡುತ್ತಲೇ ಕೂರುವಳು. ಸಮುದ್ರದ ಕಡೆಯಿಂದ ಗಾಳಿ ಬರುತ್ತಿತ್ತು. ಆ ಬಣ್ಣಗಳ ಕೆಳಗೆ ಆಳ ಇದೆ, ಕಾಲಿಟ್ಟರೆ ಮುಳುಗಬಹುದು, ಮುಳುಗಿದರೆ ತಣ್ಣಗಿರುತ್ತದೆ ಎನ್ನಿಸುತ್ತಿತ್ತು.

“ತಲೆಗೆ ಎರೆದ ಹಾಗೆ ಎರೀತಿದ್ದಿಯಲ್ಲ,” ಎಂದ ಸೀತಾರಾಮ, “ಕೊನೆಗೆ ಸಾಂಬ್ರಾಣಿ ಹೊಗೆಯೂ ಹಾಕ್ತೀಯಾ?”

“ನಿಮಗೆ ತಮಾಷೆ. ಲಾಡ್ಜಿನಲ್ಲಿ ನಿಮ್ಮ ಮಂಚ ಇನ್ನೂ ಖಾಲಿ ಉಂಟಾ ಕೇಳಿಕೊಂಡು ಬನ್ನಿ.”

ಅವನು ಮತ್ತೆ ನಗಲಿಲ್ಲ.

ಮರುದಿನ ಬೆಳಿಗ್ಗೆ ಶಾರದಮ್ಮ ಹಟಕ್ಕೆ ಬಿದ್ದವರಂತೆ ಕಲೆಯ ಮೇಲೆಯೇ ಚುಕ್ಕಿಯಿಟ್ಟು ರಂಗೋಲಿ ಎಳೆದರು. ಇರುವೆಗಳಿಗೂ ಸಿಗಲಿ ಎಂದು ಅವರು ಹಾಕುವುದು ಅಕ್ಕಿಹಿಟ್ಟನ್ನೇ, ಕಲ್ಲಿನ ಪುಡಿಯನ್ನಲ್ಲ. ಬಿಸಿಲು ಏರಿತು. ಜಗಲಿಯಲ್ಲಿ ಒರಗಿದ್ದ ಸರಸಳಿಗೆ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಬಿಳಿ ಬಳ್ಳಿಗಳು ಹಳದಿಯಾಗಿದ್ದವು. ಮತ್ತೆ ನೋಡಿದಳು, ಬೂದಾಗುತ್ತಿದ್ದವು. ನೆಲದೊಳಗಿನಿಂದ ಏನೋ ಮೆಲ್ಲಗೆ ಮೇಲೇರಿ ಬಳ್ಳಿಯ ಎಲೆಎಲೆಯನ್ನೂ ತುಂಬುತ್ತಿರುವಂತೆ. ಕನಸೇ ಇರಬೇಕೆಂದು ಎದ್ದುಹೋಗಿ ಒಂದು ಗೆರೆಯ ಹಿಟ್ಟನ್ನು ಬೆರಳಿನಿಂದ ಸರಿಸಿದಳು. ಅದರಡಿಯ ಸಿಮೆಂಟು ಆಚೀಚಿನದಕ್ಕಿಂತ ತಿಳಿಯಾಗಿತ್ತು.

ಅವಳು ಒಳಗೆ ಓಡಿ ಡಬ್ಬಿಯ ಹಿಟ್ಟನ್ನೆಲ್ಲ ತಂದು ಕಲೆಯ ಮೇಲೆ ಸುರಿದಳು.

“ದೋಸೆ ಎಲ್ಲಿ ಹೊಯ್ತಿದ್ದಿ ಅಂತ ಗೊತ್ತುಂಟಾ ನಿನಗೆ?” ಶಾರದಮ್ಮ ಬಾಗಿಲಲ್ಲಿ ನಿಂತಿದ್ದರು.

“ನೀವು ಎಳೆದ ಗೆರೆಯೇ ಎಣ್ಣೆ ಕುಡಿದದ್ದು ಅಮ್ಮ. ಇಲ್ಲಿ ಬನ್ನಿ, ನೋಡಿ.”

ಶಾರದಮ್ಮ ಬಂದರು. ಬಗ್ಗಿ ನೋಡಿದರು. ಬೂದು ಹಿಟ್ಟನ್ನು ಬೆರಳಲ್ಲಿ ಹೊಸೆದು ಮೂಸಿದರು. “ಊಟದ ಹಿಟ್ಟು ಬೇಡ,” ಎಂದರು ಕೊನೆಗೆ. “ಗಿರಣಿಯಲ್ಲಿ ನೆಲ ಗುಡಿಸಿದ ಹಿಟ್ಟು ಇರ್ತದೆ. ನಿನ್ನ ಗಂಡ ಆ ಗಾಡಿಯಲ್ಲಿ ಒಂದು ಉಪಕಾರ ಮಾಡಲಿ.”

ಸೀತಾರಾಮ ಗೋಣಿಯಲ್ಲಿ ತಂದ. ಬಟ್ಟೆ ಒಗೆಯುವ ಸೋಡಾ ಹಾಕಿದ ಕುದಿನೀರು ಹೊಯ್ದು ತಿಕ್ಕುವುದು, ಒಣಗಿದ ಮೇಲೆ ಹಿಟ್ಟು ಹರಡುವುದು, ಊಟದ ಮಣೆಯಿಂದ ಒತ್ತುವುದು, ಬಿಸಿಲಿಗೆ ಬಿಡುವುದು, ಬೂದಾದ ಮೇಲೆ ಗುಡಿಸಿ ಹೊಸದು ಹಾಕುವುದು. ಗುಡಿಸಿದ ಹಿಟ್ಟಿನಲ್ಲಿ ಯಾರದೋ ಮೆಣಸಿನಪುಡಿಯೂ ಸೇರಿತ್ತು. ಮೂವರೂ ಸೀನಿದರು. ಕಲೆ ಚಾಪೆಯಿಂದ ಹರಿವಾಣಕ್ಕೆ ಇಳಿಯಿತು, ಆಮೇಲೆ ಮೋಡದ ನೆರಳಿನಷ್ಟು ತೆಳ್ಳಗಾಯಿತು. ಅಲ್ಲಿಗೆ ನಿಂತಿತು. ಎಷ್ಟು ಹಿಟ್ಟು ಹಾಕಿದರೂ ಆ ನೆರಳು ಹೋಗಲಿಲ್ಲ.

ಧನುರ್ಮಾಸದ ಮೊದಲ ಬೆಳಗು. ಬೀದಿಯ ತುಂಬ ಮಂಜು, ದೂರದಲ್ಲಿ ದೇವಸ್ಥಾನದ ಗಂಟೆ. ಶಾರದಮ್ಮ ಅಂಗಳಕ್ಕೆ ನೀರು ಚಿಮುಕಿಸಿ ನಿಂತರು. ಒದ್ದೆ ಸಿಮೆಂಟಿನಲ್ಲಿ ನೆರಳು ಇನ್ನೂ ಇತ್ತು. ಅದರ ನಡುವೆ, ಹಿಟ್ಟು ಮೊದಲು ಎಣ್ಣೆ ಹೀರಿದ ಗೆರೆಗಳಲ್ಲಿ, ಅವರು ಅಂದು ಹಟದಲ್ಲಿ ಎಳೆದ ಬಳ್ಳಿ ಬೆಳ್ಳಗೆ ಕೂತುಬಿಟ್ಟಿತ್ತು.

“ಪೂರ್ತಿ ಹೋಗ್ಲಿಲ್ಲ ಅಮ್ಮ,” ಎಂದಳು ಸರಸ. ಒಳಗೆ ಟ್ರಂಕು ಅರ್ಧ ತುಂಬಿತ್ತು.

“ಕಾಣ್ತದೆ.” ಶಾರದಮ್ಮ ಬಳ್ಳಿಯನ್ನೇ ನೋಡುತ್ತಿದ್ದರು. “ನಾನು ಇಷ್ಟು ವರ್ಷ ಹಾಕಿದ್ದರಲ್ಲಿ ಸಂಜೆಗೆ ಒಂದೂ ಉಳಿದದ್ದಿಲ್ಲ.” ಹಿಟ್ಟಿನ ಡಬ್ಬಿಯನ್ನು ಸರಸಳ ಕಡೆಗೆ ಚಾಚಿ ಕೇಳಿದರು, “ಚುಕ್ಕಿ ಇಡ್ಲಿಕ್ಕೆ ಬರ್ತದಾ ನಿನಗೆ?”

“ಇಲ್ಲ ಅಮ್ಮ.”

“ತಿಂಗಳು ಪೂರ್ತಿ ಉಂಟು. ಕಲಿ. ಹಿಟ್ಟನ್ನು ಹೆಬ್ಬೆರಳಿನಲ್ಲಿ ದೂಡ್ಬೇಕು, ಸುರೀಲಿಕ್ಕಿಲ್ಲ.”

ಸರಸ ಕೂತು ಮೊದಲ ಸಾಲು ಚುಕ್ಕಿಯಿಟ್ಟಳು. ಸಾಲು ಡೊಂಕಾಯಿತು. ಗೇಟು ಕಿರುಗುಟ್ಟಿತು, ಮನೆಬಾಗಿಲಲ್ಲೇ ಹಾಲು ಕರೆದು ಕೊಡುವವನು ಹಸುವನ್ನು ಹೊಡೆದುಕೊಂಡು ಬಂದ. ಎಂದಿನಂತೆ ಅಂಗಳದ ನಡುವೆ ಬರಹೊರಟವನು ಚುಕ್ಕಿಗಳನ್ನು ಕಂಡು ಹಗ್ಗ ಜಗ್ಗಿದ. ಹಸು ಒಂದು ಗಳಿಗೆ ಯೋಚಿಸಿ, ಗೋಡೆಗೆ ಹೊಟ್ಟೆ ಸವರುತ್ತ ಬಳಸಿ ನಡೆಯಿತು.