ಹತ್ತಿ ಮೋಡದ ಮೆಸೇಜು

ದೆಹಲಿಯ ಲೋಧಿ ಕಾಲೋನಿಯಲ್ಲಿ ಬಸ್ಸಿಳಿದ ವೈಜಯಂತಿ ಪಶ್ಚಿಮಕ್ಕೆ ನೋಡಿದವಳೇ ನಿಂತುಬಿಟ್ಟಳು. ಬೇವಿನ ಮರಗಳ ಹಿಂದೆ ಒಂದು ಮೋಡ ಎದ್ದಿತ್ತು. ಬುಡ ಕಪ್ಪು, ಮೇಲೆ ಹೂಕೋಸಿನ ಹಾಗೆ ಉಬ್ಬುಬ್ಬು, ತುದಿ ಮಾತ್ರ ಯಾರೋ ಕಾವಲಿಯಿಂದ ಒತ್ತಿದ ಹಾಗೆ ಚಪ್ಪಟೆ. ಕ್ಯುಮುಲೋನಿಂಬಸ್, ಗುಡುಗಿನ ಮೋಡ. ಪರೀಕ್ಷೆಗೆ ಅದರ ಚಿತ್ರ ಬರೆದು ಶಹಬ್ಬಾಸ್ ಅನ್ನಿಸಿಕೊಂಡವಳು ಅವಳು. ಅದರ ಕೆಳಗೆ ನೆಲಕ್ಕೆ ಹತ್ತಿಕೊಂಡಂತೆ ಕಂದು ಗೋಡೆಯೊಂದು ಉರುಳಿ ಬರುತ್ತಿತ್ತು. ಅದು ಮೋಡವಲ್ಲ, ಧೂಳು.

ಬೆಳಿಗ್ಗೆ ಅವಳು ಕಳಿಸಿದ್ದ ಮೆಸೇಜು ಬೇರೆಯೇ ಹೇಳಿತ್ತು.

ಮುನಿರ್ಕಾದ ಬಾಡಿಗೆ ಕೋಣೆಯಲ್ಲಿದ್ದು ಭೂಗೋಳ ಓದುತ್ತಿದ್ದ ವೈಜಯಂತಿಗೆ ಆ ಬೇಸಿಗೆಯಲ್ಲಿ ಒಂದು ದೊಡ್ಡಸ್ತಿಕೆ ಸಿಕ್ಕಿತ್ತು. ಕಾಲೋನಿಯ ಕನ್ನಡದ ಮನೆಗಳಲ್ಲಿ ಮೇ ತಿಂಗಳೆಂದರೆ ಸಂಡಿಗೆ ಕಾಲ. ಪೇಪರಿನಲ್ಲಿ ವಾರದ ಹವಾಮಾನ ಓದಿ, ತಾರಸಿ ಹತ್ತಿ ಮೋಡ ನೋಡಿ, ದಿನಾ ಬೆಳಿಗ್ಗೆ ಆಂಟಿಯರಿಗೆಲ್ಲ ಮೆಸೇಜು ಒತ್ತುವವಳು ಅವಳೇ. ಎಳೆ ಎಳೆಯಾದ ಸಿರಸ್ ಕಂಡರೆ ‘ಪುಕ್ಕದ ಮೋಡ, ನಾಳೆ ಹುಷಾರು’. ಬೂದು ಸ್ಟ್ರೇಟಸ್ ಕವಿದರೆ ‘ಕಂಬಳಿ ಮೋಡ, ಇವತ್ತು ಬೇಡ’. ಆ ವಾರ ಪೇಪರು ಸೋಮವಾರದಿಂದಲೂ ‘ಗುಡುಗು, ಧೂಳುಗಾಳಿ ಸಾಧ್ಯತೆ’ ಎನ್ನುತ್ತಲೇ ಇತ್ತು, ಒಂದು ಹನಿಯೂ ಬಿದ್ದಿರಲಿಲ್ಲ. ಶುಕ್ರವಾರವೂ ಅದೇ ಸಾಲು ಕಂಡು ಅವಳಿಗೆ ನಗು ಬಂತು. ಮೇಲೆ ತೇಲುತ್ತಿದ್ದ ಬಿಳಿ ಉಂಡೆಗಳನ್ನು ನೋಡಿ, ಪೇಪರಿನ ಮಾತು ಬಿಟ್ಟೇ ಒತ್ತಿದಳು: ‘ಹತ್ತಿ ಮೋಡ. ಧಾರಾಳವಾಗಿ ಹಾಕಿ!!’

ಈಗ, ತನ್ನನ್ನು ಊಟಕ್ಕೆ ಕರೆದಿದ್ದ ಮನೋರಮಾ ಆಂಟಿಗೆ ಫೋನು ಹಚ್ಚಿದಳು.

“ಆಂಟಿ, ಸಂಡಿಗೆ ತೆಗೀರಿ, ಈಗಲೇ!”

“ಅಯ್ಯೋ, ನಾನು ಐಎನ್‌ಎ ಮಾರ್ಕೆಟ್‌ನಲ್ಲಿದೀನಿ ಕಣೇ. ನಿನಗೇ ಅಂತ ನುಗ್ಗೇಕಾಯಿ ಆರಿಸ್ತಿದೀನಿ. ಭಯ್ಯಾ, ಯೇ ನಹೀ, ವೋ ವಾಲಾ! ಯಾಕೇ, ಹತ್ತಿ ಮೋಡ ಅಂದ್ಯಲ್ಲ?”

“ಆಂಧಿ ಬರ್ತಿದೆ ಆಂಟಿ, ಧೂಳುಗಾಳಿ!”

ಆ ಕಡೆಯಿಂದ ತೀರಾ ಸಣ್ಣ ದನಿ. “ವೈಜೂ, ಮಾವನೋರು ತಾರಸೀಲಿದಾರೆ. ಪಾರಿವಾಳ ಓಡಿಸೋಕೆ. ಮಂಗ ಬರತ್ತೆ ಅಂತ ಮೆಟ್ಟಿಲ ಕಡೆಯಿಂದ ಬೀಗ ಹಾಕಿದೀನಿ. ಕೀ ನನ್ನ ಪರ್ಸಲ್ಲಿದೆ.”

ಅಲ್ಲಿನ ಮಂಗಗಳು ಮೆಟ್ಟಿಲು ಹತ್ತಿ ಬಂದು ಚಿಲಕ ಸರಿಸುತ್ತಿದ್ದವು. ಹಿರಿಯರನ್ನು ಕಾವಲಿಗೆ ಕೂರಿಸಿ ಬಾಗಿಲಿಗೆ ಬೀಗ ಜಡಿಯುವುದು ಆ ಸಾಲಿನ ರೂಢಿ. ಆಂಟಿಯ ಮಾವ ಗುಂಡಣ್ಣಜ್ಜನಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜು. ತಾರಸಿಯ ಕಟ್ಟೆ ಮೊಣಕಾಲೆತ್ತರವೂ ಇರಲಿಲ್ಲ. ಗಾಳಿಗೆ ಗಾಬರಿಯಾಗಿ ಬಾಗಿಲು ಹುಡುಕುತ್ತಾ ಆ ಕಡೆ ಹೆಜ್ಜೆ ಇಟ್ಟುಬಿಟ್ಟರೆ?

ವೈಜಯಂತಿ ಓಡಿದಳು. ಮಟಮಟ ಮಧ್ಯಾಹ್ನ ಅರಿಶಿನ ಕದಡಿದ ನೀರಿನ ಬಣ್ಣಕ್ಕೆ ತಿರುಗಿತು. ಬೇವಿನ ಎಲೆ ಒಂದೂ ಅಲುಗುತ್ತಿರಲಿಲ್ಲ. ಅವಳು ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಎಲ್ಲ ಕಿಟಕಿಗಳೂ ಒಟ್ಟಿಗೆ ಬಡಿದುಕೊಂಡವು.

“ಅಜ್ಜಾ! ಅಜ್ಜಾ!” ತಾರಸಿಯ ಬಾಗಿಲು ಗುದ್ದಿದಳು, ಬೀಗ ಎಳೆದಳು. ಆಚೆ ತಗಡೊಂದು ದಡಬಡ ಉರುಳಿದ್ದಷ್ಟೇ ಕೇಳಿಸಿತು.

ಇಳಿದು ಪಕ್ಕದ ಮೆಟ್ಟಿಲು ಹತ್ತಿದಳು. ಅಲ್ಲಿ ಕಾವಲಿಗೆ ಯಾರೂ ಇರಲಿಲ್ಲ, ಬರೀ ಚಿಲಕ. ತೆಗೆದದ್ದೇ ತಡ, ಗಾಳಿ ಅವಳನ್ನು ಗೋಡೆಗೆ ಒತ್ತಿತು. ಬಾಯ್ತುಂಬ ಮಣ್ಣು. ತಾರಸಿಗಳ ನಡುವಿನ ಗಿಡ್ಡ ಗೋಡೆಯನ್ನು ಹೊಟ್ಟೆಯ ಮೇಲೆ ತೆವಳಿ ದಾಟಿದಳು. ಹಸಿ ಸಂಡಿಗೆ ಹಾರಿ ಬಂದು ಕೆನ್ನೆಗೆ ಪಟಪಟ ಬಡಿಯಿತು.

ಅಂಬೆಗಾಲಲ್ಲಿ ತಡಕಾಡಿದಳು. ಕೈಗೆ ಕುರ್ಚಿ ಸಿಕ್ಕಿತು, ಮಗುಚಿ ಬಿದ್ದಿತ್ತು. ಅದರಾಚೆ ಕೋಲು. ಕೋಲಿನಾಚೆ ಕಟ್ಟೆ. ಕಟ್ಟೆಯಾಚೆ ಏನೂ ಇಲ್ಲ. ಬಗ್ಗಿ ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿದಳು. ಮತ್ತೆ ತೆರೆದು ನೋಡಿದರೂ ಕೆಳಗೆ ಬರೀ ಕಂದು ಧೂಳು ಕುದಿಯುತ್ತಿತ್ತು.

ಹಿಂದೆ ಯಾರೋ ಕೆಮ್ಮಿದರು.

ನೀರಿನ ಟ್ಯಾಂಕಿನ ಕೆಳಗೆ, ಇಟ್ಟಿಗೆ ಕಾಲುಗಳ ನಡುವೆ ಗುಂಡಣ್ಣಜ್ಜ ಮುದುರಿ ಕೂತಿದ್ದರು. ಪಂಚೆ ಬಿಚ್ಚಿ ಸೊಂಟಕ್ಕೆ ಸುತ್ತಿ, ಅದರ ತುದಿಯನ್ನು ಪೈಪಿಗೆ ಬಿಗಿದಿದ್ದರು. ಮೈಮೇಲೆ ಪಟ್ಟಾಪಟ್ಟಿ ಚಡ್ಡಿ, ಬನೀನು.

“ಯಾರದು, ಮಂಗನಾ?”

“ನಾನು ಅಜ್ಜಾ, ವೈಜಯಂತಿ.”

“ಓ, ಹತ್ತಿ ಮೋಡದೋಳು! ಬಾ ಬಾ, ಜಾಗ ಇದೆ.”

ಅವಳು ಒಳಗೆ ನುಸುಳಿ ಅವರ ತೋಳನ್ನು ಗಟ್ಟಿಯಾಗಿ ಹಿಡಿದಳು. ಮಿಂಚು ಹೊಳೆಯಿತು. ಮೇಲೆ ಟ್ಯಾಂಕಿನ ಮುಚ್ಚಳ ಕಿತ್ತು ಹಾರಿತು. ದಪ್ಪ ಹನಿಗಳು ಕೆಸರಾಗಿಯೇ ಸುರಿದವು. ಅಜ್ಜನ ಹಲ್ಲು ಕಟಕಟ ಎನ್ನುತ್ತಿತ್ತು.

“ನನಗೇನೋ ಹೊಳೀತು, ಕಟ್ಕೊಂಡೆ. ಆ ಕೊನೆ ಬ್ಲಾಕಿನ ಉಷಾನ ಅತ್ತೆಗೆ ಒಬ್ಬರೇ ಎದ್ದು ನಿಲ್ಲೋಕೂ ಆಗಲ್ಲವಮ್ಮ. ಬೆಳಿಗ್ಗೆ ಅಲ್ಲೂ ಸಂಡಿಗೆಗೆ ಬಿಳೀ ಬಟ್ಟೆ ಹಾಸಿ ಅವರನ್ನ ಕಾವಲಿಗೆ ಕೂರಿಸಿದ್ರಂತೆ.”

ವೈಜಯಂತಿಯ ಅದೇ ಮೆಸೇಜು ಎಷ್ಟೊಂದು ತಾರಸಿಗಳಿಗೆ ಹೋಗಿತ್ತು! ಒದ್ದೆ ಫೋನನ್ನು ಎದೆಗೆ ಒತ್ತಿ ಒರೆಸಿ, ಉಷಾ ಆಂಟಿಯ ನಂಬರು ಹುಡುಕಿ ಒತ್ತಿದಳು. ರಿಂಗಾಯಿತು. ಆಗುತ್ತಲೇ ಇತ್ತು.

“ತೆಗೀರಿ ಆಂಟಿ,” ಎಂದಳು ಗಾಳಿಗೆ, “ತೆಗೀರಿ, ತೆಗೀರಿ.”