ನೋಟಕ್ಕೆ ಅಡ್ಡ

“ತಲೆ ಕಾಣ್ತಿದೆ ಕಣೇ, ತಲೆ! ಬಗ್ಗೇ, ಮುಂಡೇ!”

ಬಳ್ಳಿಯ ಮರೆಯಿಂದ ಪಿಸುದನಿಯಲ್ಲಿ ಬೈದದ್ದು ಮೇಸ್ತ್ರಿ, ಬೈಸಿಕೊಂಡದ್ದು ನಾನು. ನನ್ನ ತಲೆ ಮಾಡಿದ ತಪ್ಪೆಂದರೆ ದ್ರಾಕ್ಷಿ ಬಳ್ಳಿಗಿಂತ ನಾಲ್ಕು ಬೆರಳು ಮೇಲಿದ್ದದ್ದು. ಪ್ರವಾಸಿಗಳ ಬಸ್ಸು ತಿರುವಿನಲ್ಲಿ ಕಂಡಿತೆಂದರೆ ನಾವು ಇಪ್ಪತ್ತು ಹೆಂಗಸರು ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂರಬೇಕು. ಕೂತೇ ಗೊಂಚಲು ಕತ್ತರಿಸಬೇಕು, ಕೂತೇ ಕ್ರೇಟು ತಳ್ಳಬೇಕು. ಮೇಲಿನ ಹುಲ್ಲುಹಾಸಿನಲ್ಲಿ ಕುರ್ಚಿ ಹಾಕಿಕೊಂಡು ವೈನ್ ರುಚಿ ನೋಡುವವರಿಗೆ ಕಣಿವೆ ತುಂಬ ಹಸಿರೇ ಕಾಣಬೇಕು. ನಡುವೆ ಮನುಷ್ಯರು ಬಂದರೆ ಫೋಟೊ ಕೆಡುತ್ತದಂತೆ. ದ್ರಾಕ್ಷಿ ತಾನಾಗಿಯೇ ಬಳ್ಳಿಯಿಂದಿಳಿದು, ಕ್ರೇಟು ಹತ್ತಿ, ಬಾಟಲಿಯೊಳಗೆ ಹೋಗಿ ಕೂರುತ್ತದೆಂದು ಅವರು ನಂಬಿದ್ದರೆ ನಮ್ಮದೇನೂ ತಕರಾರಿಲ್ಲ.

ನಮಗೂ ಒಂದು ತಗಡಿನ ಕಕ್ಕಸು ಇತ್ತು. ಅದೂ ನೋಟಕ್ಕೆ ಅಡ್ಡ ಬರುತ್ತದೆಂದು ಹೋದ ವರ್ಷ ಕೆಡವಿದರು. ಈಗಿರುವುದು ಹುಲ್ಲುಹಾಸಿನ ಪಕ್ಕದ್ದೊಂದೇ. ಬಿಳಿ ಕಲ್ಲಿನದು, ಅತಿಥಿಗಳಿಗೆ ಮಾತ್ರ. ಬಳ್ಳಿಸಾಲಿನ ನಡುವೆ ಉಚ್ಚೆಗೆ ಕೂತು ಸಿಕ್ಕಿಬಿದ್ದರೆ ಕೆಲಸ ಹೋಯಿತು. ಹಾಗಾಗಿ ಬಸ್ಸು ಬರುವ ದಿನ ನಾವು ಬೆಳಗ್ಗೆಯಿಂದ ಒಂದು ಹನಿ ನೀರು ಮುಟ್ಟುವುದಿಲ್ಲ. ಕುಡಿಯುವುದೆಲ್ಲ ಮೇಲೆ ನಡೆಯುತ್ತದೆ.

ನನ್ನ ಪಕ್ಕದಲ್ಲೇ ಕತ್ತರಿಸುವ ಅತ್ತಿಗೆಗೆ ಏಳು ತಿಂಗಳು. ಹೋದ ವಾರ ಹೀಗೇ ತಡೆದುಕೊಂಡು ಚಳಿಜ್ವರ ಬಂದು, ಉಚ್ಚೆಯಲ್ಲಿ ರಕ್ತ ಕಂಡಿತ್ತು. “ನೀರು ಕುಡೀಬೇಕು, ಕಟ್ಕೊಂಡು ಕೂರಬಾರ್ದು. ಇನ್ನೊಂದ್ಸಲ ಹೀಗಾದ್ರೆ ಮಗು ಉಳಿಯೋದು ಕಷ್ಟ,” ಎಂದಿದ್ದಳು ನರ್ಸು. ಮೊದಲಿನ ಎರಡು ಉಳಿದಿಲ್ಲ. ಅದಕ್ಕೇ ಇವತ್ತು ಅವಳು ಧೈರ್ಯ ಮಾಡಿ ಮೂರು ಲೋಟ ಕುಡಿದು ಬಂದಿದ್ದಳು.

ಬಸ್ಸು ಬಂದು ಗಂಟೆಯಾಯಿತು. “ಆಗ್ತಿಲ್ಲ ಕಣೇ,” ಎಂದಳು ಅತ್ತಿಗೆ. ಹಣೆಯಲ್ಲಿ ಬೆವರು.

ನಾನು ಮೇಸ್ತ್ರಿಯ ಹತ್ತಿರಕ್ಕೆ ತೆವಳಿದೆ. “ಮೇಸ್ತ್ರಣ್ಣಾ, ಅವಳೊಬ್ಬಳನ್ನ ಬಿಡು. ಹೋಗಿ ಬರ್ತಾಳೆ.”

“ಬಸ್ಸು ಹೋಗ್ಲಿ.”

“ಯಾವಾಗ ಹೋಗತ್ತೆ?”

“ಸೂರ್ಯ ಮುಳುಗೋದು ನೋಡ್ಕೊಂಡು ಹೋಗ್ತಾರೆ. ಅದಕ್ಕೇ ಅಲ್ವಾ ಬಂದಿರೋದು?”

“ನಿನ್ನ ಹೆಂಡ್ತಿಗೂ ಹೀಗೇ ಹೇಳ್ತಿದ್ಯಾ?”

“ನನ್ನ ಹೆಂಡ್ತಿ ನಿಮ್ಮ ಹಾಗೆ ಕಂಡಕಂಡಲ್ಲಿ ಕೂರೋಳಲ್ಲ. ಬಾಯ್ಮುಚ್ಚಿ ಕತ್ತರಿಸು.”

ಅವನ ಹೆಂಡತಿ ನಮ್ಮಿಂದ ಮೂರನೇ ಸಾಲಿನಲ್ಲಿ ಕೂತು ಗೊಂಚಲು ಕತ್ತರಿಸುತ್ತಿದ್ದಳು.

ನಾನು ವಾಪಸು ತೆವಳಿದೆ. ಎದ್ದು ನಿಂತು ಅತ್ತಿಗೆಯ ತೋಳು ಹಿಡಿದು ಎಬ್ಬಿಸಿದೆ. ಮೇಸ್ತ್ರಿ ಹಲ್ಲು ಕಡಿದ. ಪಾಪ, ಅವನಾದರೂ ಏನು ಮಾಡಿಯಾನು? ಕೂಗಿದರೆ ಮೇಲಿನವರಿಗೆ ಕೇಳುತ್ತದೆ, ಓಡಿ ಬಂದರೆ ಅವನೂ ಕಾಣುತ್ತಾನೆ.

ಹುಲ್ಲುಹಾಸು ಹತ್ತಿದೆವು. ಟೋಪಿಯ ಹೆಂಗಸೊಬ್ಬಳು, “ಅಯ್ಯೋ, ತೋಟದೋರು! ಎಷ್ಟು ಚೆನ್ನಾಗಿದ್ದಾರೆ ನೋಡಿ!” ಎಂದು ನಮ್ಮ ಫೋಟೊ ತೆಗೆದಳು. ಫೋಟೊ ಕೆಟ್ಟಂತೇನೂ ಕಾಣಲಿಲ್ಲ.

ಮ್ಯಾನೇಜರು ಮುಖದ ನಗು ಬಿಡದೆ ಓಡಿಬಂದ. ದನಿ ಮಾತ್ರ ಹಲ್ಲಿನ ಸಂದಿಯಿಂದ ಬಂತು. “ಎಲ್ಲಿಗ್ರೇ ಕತ್ತೆಗಳಾ?”

“ಬಸುರಿ ಸಾರ್. ತಡೆಯಕ್ಕಾಗ್ತಿಲ್ಲ.”

“ಬಸುರಾಗು ಅಂತ ನಾನು ಹೇಳಿದ್ನಾ?”

ಅತ್ತಿಗೆ ಅವನನ್ನು ದಾಟಿ ಬಿಳಿ ಕಲ್ಲಿನ ಕಕ್ಕಸಿನೊಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

“ನಾಳೆಯಿಂದ ಇಬ್ರೂ ಈ ಕಡೆ ತಲೆ ಹಾಕಿ ಮಲಗ್ಬೇಡಿ,” ಎಂದ.

ಅಷ್ಟರಲ್ಲಿ ಟೋಪಿಯವಳೇ ಬಂದಳು. ಅವಳಿಗೂ ಅವಸರ. ಮ್ಯಾನೇಜರು ಬಗ್ಗಿ, “ಒಂದೇ ನಿಮಿಷ ಮೇಡಂ, ಒಳಗೆ ಕ್ಲೀನ್ ಮಾಡ್ತಿದ್ದಾರೆ,” ಎಂದ.

“ಇಲ್ಲಮ್ಮಾ, ಉಚ್ಚೆ ಹೊಯ್ತಿದ್ದಾಳೆ,” ಎಂದೆ. “ಆಮೇಲೆ ನಾನು. ಆಮೇಲೆ ನೀವು.”

ಅತ್ತಿಗೆ ಹೊರಗೆ ಬಂದಳು. ಮುಖಕ್ಕೆ ಜೀವ ಬಂದಿತ್ತು. ನನಗೇನೂ ಅವಸರವಿರಲಿಲ್ಲ, ಬರಲು ಹೊಟ್ಟೆಯಲ್ಲಿ ನೀರಾದರೂ ಇರಬೇಕಲ್ಲ. ಆದರೂ ಒಳಗೆ ಹೋಗಿ ಚಿಲಕ ಜಡಿದೆ. ಹೊರಗೆ ಬಾಗಿಲು ಬಡಿಯತೊಡಗಿದರು. ನಲ್ಲಿ ತಿರುಗಿಸಿ, ಬೊಗಸೆಯೊಡ್ಡಿ, ಹೊಟ್ಟೆ ತುಂಬ ನೀರು ಕುಡಿದೆ.