ಏಳನೆಯ ಭಾಗ ಬರಲಿ

ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಹೊತ್ತವರು ನಾಲ್ವರು, ಸಲಹೆ ಕೊಡುವವರು ಕಟ್ಟಡದಲ್ಲಿದ್ದ ಉಳಿದವರೆಲ್ಲ. ಮೇಲಿನವರು ಇಳಿಸಿ ಅಂದರು, ಕೆಳಗಿನವರು ಎತ್ತಿ ಅಂದರು. ಕೊನೆಗೆ ಕೆಳಗಿನ ಮಹಡಿಯಲ್ಲಿ ನಿಂತಿದ್ದ ಜಡ್ಜಮ್ಮ ಕತ್ತೆತ್ತಿ ನೋಡಿ, ಕಾಲಿನ ಕಡೆಯನ್ನು ಕಂಬಿಯ ಮೇಲಕ್ಕೆ ಎತ್ತಿ, ತಲೆಯ ಕಡೆಯನ್ನು ಗೋಡೆಗೆ ಒತ್ತಿ ತಿರುಗಿಸಿ ಎಂದು ತೀರ್ಪು ಕೊಟ್ಟಳು. ಹಾಗೆಯೇ ಮಾಡಿದರು. ಪೆಟ್ಟಿಗೆ ಸಲೀಸಾಗಿ ಇಳಿದು ಬಂತು. ಅವಳ ತೀರ್ಪುಗಳ ತೊಂದರೆಯೇ ಅದು. ಹತ್ತರಲ್ಲಿ ಎಂಟು ಸರಿಯಾಗಿರುತ್ತಿದ್ದವು, ಹಾಗಾಗಿ ಉಳಿದೆರಡನ್ನು ಯಾರೂ ಒರೆಗೆ ಹಚ್ಚುತ್ತಿರಲಿಲ್ಲ.

ಪೆಟ್ಟಿಗೆಯೊಳಗಿದ್ದವಳು ಪುಟ್ಟಕ್ಕ. ಆಳು ಗಿಡ್ಡ ಎಂದು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಬಿದ್ದ ಹೆಸರು. ನಿವೃತ್ತಿಯಾದ ಮೇಲೂ ಅದು ಅವಳನ್ನು ಬಿಡಲಿಲ್ಲ. ಆ ಲಾಂಡ್ರಿಯಲ್ಲಿ ಅವಳೂ, ತೀರ್ಪು ಕೊಡುವ ಚಟಕ್ಕೆ ಅಲ್ಲೇ ಹೆಸರು ಪಡೆದ ಜಡ್ಜಮ್ಮನೂ ಎದುರುಬದುರು ನಿಂತು ಹಾಸಿಗೆಯ ಚಾದರ ಮಡಿಸುತ್ತಲೇ ಕೂದಲು ಬಿಳಿ ಮಾಡಿಕೊಂಡಿದ್ದರು.

ಪುಟ್ಟಕ್ಕನ ಗಂಡ ಎಲ್ಲರಿಗಿಂತ ಹಿಂದೆ ಇಳಿದ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಒಂದೆರಡು ಮೆಟ್ಟಿಲಿಳಿದವನು ಮತ್ತೆ ಹತ್ತಿ ಇನ್ನೊಮ್ಮೆ ಎಳೆದು ನೋಡಿದ. ಅಳತೆ-ತೂಕದ ಇಲಾಖೆಯಲ್ಲಿ ಅಂಗಡಿಗಳ ತಕ್ಕಡಿ ಪರೀಕ್ಷಿಸುತ್ತಿದ್ದ ಮನುಷ್ಯ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಗದರಿದವನಲ್ಲ, ಬೇರೆ ಏನೂ ಮಾಡಿದವನೂ ಅಲ್ಲ.

ಚಿತಾಗಾರದಲ್ಲಿ ಮುಂಚೆಯೇ ಬಂದಿದ್ದ ಇನ್ನೊಂದು ಸಂಸಾರದ ಕೆಲಸ ಮುಗಿಯುವವರೆಗೆ ಕಾಯಬೇಕಿತ್ತು. ಉದ್ದನೆಯ ಕೋಣೆ, ಗೋಡೆಗೆ ಜೋಡಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಟೀ ಯಂತ್ರ. ಲಾಂಡ್ರಿಯ ಹಳಬರು ಒಂದು ಕಡೆ ಕೂತರು. ಸತ್ತವರ ಬಗ್ಗೆ ಆಡಬೇಕಾದ ಮಾತುಗಳು ಬೇಗ ಮುಗಿದುಹೋದವು. ಒಂದು ಕೆಟ್ಟ ಮಾತಾಡಿದವಳಲ್ಲ ಎಂದು ಒಬ್ಬರೆಂದರೆ, ಹೌದು, ಯಾವ ಮಾತನ್ನೂ ಆಡಿದವಳಲ್ಲ ಎಂದು ಇನ್ನೊಬ್ಬರು ಸೇರಿಸಿದರು. ಅವರ ಮನೆಯಿಂದ ಜಗಳದ ಸದ್ದೇ ಬಂದದ್ದಿಲ್ಲ ಎಂದು ನೆರೆಮನೆಯವಳು ಮೆಚ್ಚಿಕೊಂಡಳು.

ಆಗಲೇ ಜಡ್ಜಮ್ಮ ಕೊನೆಯ ಸಾಲಿನಲ್ಲಿ ಒಬ್ಬನೇ ಕೂತಿದ್ದ ಮುದುಕನನ್ನು ಗುರುತಿಸಿದ್ದು. ಲಾಂಡ್ರಿಗೆ ಉಗಿ ಒದಗಿಸುತ್ತಿದ್ದ ಬಾಯ್ಲರ್‌ನವನು. ಎಂದೋ ಕೆಲಸ ಬಿಟ್ಟು ದೂರದ ಊರು ಸೇರಿದ್ದವನು. ಸುದ್ದಿ ಯಾರು ಮುಟ್ಟಿಸಿದರೋ.

“ಆ ಕಾದಂಬರಿ ಕಾಲದಲ್ಲಿ ಮಾತ್ರ ಪುಟ್ಟಕ್ಕನ ಮುಖದಲ್ಲಿ ಸ್ವಲ್ಪ ಕಳೆ ಇತ್ತು,” ಎಂದಳು ಹೊಲಿಗೆಯಾಕೆ, ಹರಿದ ಚಾದರಗಳಿಗೆ ತೇಪೆ ಹಾಕುತ್ತಿದ್ದವಳು. ಎಲ್ಲರಿಗೂ ಹಿಡಿದುಕೊಳ್ಳಲು ಏನೋ ಸಿಕ್ಕಂತಾಯಿತು.

*

ಕಾದಂಬರಿ ಹಳೆಯ ರಾಜರ ಕಾಲದ್ದು. ಒಂದೊಂದು ಭಾಗವೂ ಇಷ್ಟು ದಪ್ಪ; ಲಾಂಡ್ರಿಯಲ್ಲಿ ಅದಕ್ಕೆ ದಿಂಬು ಎಂದೇ ಹೆಸರು. ಒಬ್ಬ ಕೋಟೆಯ ಅಧಿಪತಿ, ಅವನ ಹೆಂಡತಿ, ಬಂದರಿನಲ್ಲಿ ಯುದ್ಧದ ಹಡಗು ಕಟ್ಟಲು ಬಂದ ಬಡಗಿ. ಇಷ್ಟು ಹೇಳುವುದಕ್ಕೆ ಲೇಖಕಿಗೆ ಆರು ದಿಂಬು ಹಿಡಿದಿದ್ದವು, ಕಥೆ ಇನ್ನೂ ಅರ್ಧದಲ್ಲಿತ್ತು. ಎಲ್ಲರೂ ಸೇರಿ ಒಂದು ಪ್ರತಿ ಕೊಂಡು ಸರದಿಯಂತೆ ಓದುವುದು ವಾಡಿಕೆ. ಮೊದಲ ಸರದಿ ಜಡ್ಜಮ್ಮನದು. ಯಾಕೆ ಎಂದು ಕೇಳಿದವರಿಲ್ಲ. ಆಮೇಲೆ ಪುಟ್ಟಕ್ಕ, ಆಮೇಲೆ ಹೊಲಿಗೆಯಾಕೆ, ಆಮೇಲೆ ಉಳಿದವರು.

ಓದಿದವರೆಲ್ಲ ಓದಿದ್ದು ಒಂದೇ ಪುಸ್ತಕವೇ ಎಂದು ಅನುಮಾನ ಬರುತ್ತಿತ್ತು. ಇಸ್ತ್ರಿಯವನು ಯುದ್ಧದ ಪುಟಗಳನ್ನಷ್ಟೇ ಓದಿ, ಮಧ್ಯದಲ್ಲಿ ಯಾರೋ ಹೆಂಗಸು ಅಡ್ಡ ಬರ್ತಾಳೆ ಎನ್ನುತ್ತಿದ್ದ. ಲೆಕ್ಕದ ಗುಮಾಸ್ತನಿಗೆ ಕುದುರೆಗಳ ಚಿಂತೆ: ಯಾವ ಕುದುರೆಯೂ ಕೋಟೆಯಿಂದ ಬಂದರಿಗೆ ಒಂದೇ ರಾತ್ರಿಯಲ್ಲಿ ಓಡಲಾರದು, ಲೇಖಕಿ ಕುದುರೆ ಕಂಡವಳಲ್ಲ. ಸಾಬೂನಿನ ಕೆಲಸದವಳು ಉಡುಪು, ಒಡವೆಗಳ ವರ್ಣನೆ ಬಂದಾಗ ಮಾತ್ರ ನಿಧಾನವಾಗಿ ಓದುತ್ತಿದ್ದಳು. ಉಳಿದವರಲ್ಲಿ ಎರಡು ಪಕ್ಷ. ಹೊಲಿಗೆಯಾಕೆ ಕೋಟೆಯ ಪಕ್ಷಕ್ಕೆ ಮುಖ್ಯಸ್ಥೆ; ಗಂಡ ಗಡಿಯಲ್ಲಿ ಬಾಣಕ್ಕೆ ಎದೆ ಕೊಟ್ಟು ನಿಂತಿರುವಾಗ ಇವಳಿಗೆ ಬಡಗಿಯ ಜೊತೆ ಮರದ ಮಾತೇನು ಎಂಬುದು ಅವಳ ವಾದ. ಜಡ್ಜಮ್ಮ ಹಡಗಿನ ಪಕ್ಷ. ಆ ಗಂಡ ಆರು ಭಾಗಗಳಲ್ಲಿ ಒಂದು ಸಲವಾದರೂ ಹೆಂಡತಿಯನ್ನ ಊಟವಾಯ್ತಾ ಅಂತ ಕೇಳಿದ್ದರೆ ತೋರಿಸಿ, ಹಡಗು ಸುಟ್ಟುಹಾಕ್ತೀನಿ ಎಂದು ಸವಾಲು ಹಾಕಿದ್ದಳು. ಯಾರಿಗೂ ತೋರಿಸಲಾಗಲಿಲ್ಲ.

ಪುಟ್ಟಕ್ಕ ಯಾವ ಪಕ್ಷಕ್ಕೂ ಸೇರಿರಲಿಲ್ಲ. ಚಾದರ ಮಡಿಸುವಾಗ ಎದುರಿಗಿದ್ದವಳನ್ನು ಕೇಳುತ್ತಿದ್ದಳು, ಅಷ್ಟೆ. ಆ ಕೆಲಸದಲ್ಲಿ ಮಾತು ಕಂತುಕಂತಾಗಿ ನಡೆಯುತ್ತದೆ. ಇಬ್ಬರೂ ಎರಡು ತುದಿ ಹಿಡಿದು ಎಳೆಯುವುದು, ನಡೆದು ಹತ್ತಿರ ಬರುವುದು, ತುದಿಗೆ ತುದಿ ಸೇರಿಸುವಾಗ ಒಂದು ಮಾತು, ಮತ್ತೆ ದೂರ. ಉತ್ತರ ಮುಂದಿನ ಮಡಿಕೆಗೆ.

ಆರನೆಯ ಭಾಗ ಮುಗಿದಾಗ ನಾಯಕಿಯ ಒಂದು ಕಾಲು ಹಡಗಿನ ಹಲಗೆಯ ಮೇಲೆ, ಒಂದು ಕಾಲು ಬಂದರಿನ ಕಲ್ಲಿನ ಮೇಲೆ. ಅವಳನ್ನು ಹಾಗೇ ನಿಲ್ಲಿಸಿ ಲೇಖಕಿ ನಾಪತ್ತೆಯಾದಳು. ಕಾಯಿಲೆ ಅಂದರು ಕೆಲವರು. ಮುಂದೇನು ಅಂತ ಆಕೆಗೇ ಗೊತ್ತಿಲ್ಲ ಅಂದರು ಕೆಲವರು. ಒಂದು ಚಳಿಗಾಲ ಕಳೆಯಿತು, ಇನ್ನೊಂದು ಕಳೆಯಿತು.

ಓದುವ ಅಭ್ಯಾಸವೇ ಇಲ್ಲದ ಬಾಯ್ಲರ್‌ನವನು ಆ ನಡುವೆ ಆರೂ ದಿಂಬುಗಳನ್ನು ಕಡ ಪಡೆದು ಓದಿದ. ಉಗಿಯ ಒತ್ತಡ ನೋಡಲು ಮಡಿಸುವ ಕೋಣೆಗೆ ಮೇಲಿಂದ ಮೇಲೆ ಬರುತ್ತಿದ್ದ. ಒತ್ತಡ ತೋರಿಸುವ ಅಂಥದೇ ಮುಳ್ಳು ಅವನ ಕೋಣೆಯಲ್ಲೂ ಇತ್ತು. ಜಡ್ಜಮ್ಮ ಇದನ್ನು ಗಮನಿಸದೆ ಇರಲಿಲ್ಲ. ಕೆಳಗೆ ಸೆಕೆ ಕಣೆ, ಗಾಳಿಗೆ ಬರ್ತಾನೆ ಪಾಪ, ಎಂದು ತೀರ್ಪು ಕೊಟ್ಟಳು. ಹೌದು, ಕೆಳಗೆ ತುಂಬಾ ಸೆಕೆ, ಎಂದಳು ಪುಟ್ಟಕ್ಕ.

*

ಕಾಯುವ ಕೋಣೆಯಲ್ಲಿ ಕುದುರೆಗಳ ವಾದ ಮತ್ತೆ ಶುರುವಾಗಿತ್ತು. ಗುಮಾಸ್ತ ತೀರಿಹೋಗಿ ಎಷ್ಟೋ ಕಾಲವಾಗಿದ್ದರೂ ಅವನ ಪರವಾಗಿ ಇಸ್ತ್ರಿಯವನು ವಾದಿಸುತ್ತಿದ್ದ. ಪುಟ್ಟಕ್ಕನ ಗಂಡ ಬಂದು ಎಲ್ಲರಿಗೂ ಟೀ ಆಯಿತೇ ಎಂದು ವಿಚಾರಿಸಿ ಹೋದ. ಅವನ ಬೆನ್ನು ಮರೆಯಾಗುವವರೆಗೆ ಕುದುರೆಗಳು ನಿಂತು, ಮತ್ತೆ ಓಡಿದವು.

“ಏನೇ ಅನ್ನಿ, ಕೊನೆಗೆ ನಿಮ್ಮ ಪಕ್ಷವೇ ಗೆದ್ದಿತಲ್ಲ,” ಎಂದಳು ಹೊಲಿಗೆಯಾಕೆ ಜಡ್ಜಮ್ಮನಿಗೆ. ವಯಸ್ಸಾದ ಮೇಲೆ ಬರುವ ಔದಾರ್ಯ.

“ಎಲ್ಲಿ ಗೆದ್ದಿತು? ಏಳನೇ ಭಾಗದಲ್ಲಿ ಕೋಟೆಗೇ ವಾಪಸ್ ಹೋಗಿ ಗಂಡನ ಕಾಲಿಗೆ ಬಿದ್ದಳಲ್ಲ ಮಹಾತಾಯಿ.”

“ಕಾಲಿಗೆಲ್ಲಿ ಬಿದ್ದಳು? ಬೀಗದಕೈ ಗೊಂಚಲು ಅವನ ಕಾಲ ಹತ್ತಿರ ಇಡೋಕೆ ಬಗ್ಗಿದ್ದು. ಕೊನೇ ಅಧ್ಯಾಯದಲ್ಲಿ ಅದನ್ನ ಇಟ್ಟು, ಅವನ ಮುಖಕ್ಕೇ ಹೇಳಿ, ಹೊರಟೇಬಿಟ್ಟಳು. ಹಡಗು ಬಿಟ್ಟಿತ್ತು, ದೋಣಿ ಹಿಡಿದು ಹೋಗಿ ಹತ್ತಿದಳು.” ಹೊಲಿಗೆಯಾಕೆ ಕನ್ನಡಕದ ಮೇಲಿಂದ ನೋಡಿದಳು. “ನೀವು ಓದಿದ್ದಿರಲ್ಲ?”

“ಓದಿದ್ದೆ. ಮರೆತುಹೋಯ್ತು,” ಎಂದಳು ಜಡ್ಜಮ್ಮ. ಆಮೇಲೆ, ಸಾಧ್ಯವಾದಷ್ಟು ಹಗುರವಾಗಿ, “ಆಗ ನೀನು ಒಂದು ಮಾತೂ ಆಡಲಿಲ್ಲ,” ಎಂದಳು.

ಹೊಲಿಗೆಯಾಕೆ ನಕ್ಕಳು. ಸೋತ ಪಕ್ಷದವಳು ತಾನಾಗಿ ಯಾಕೆ ಡಂಗುರ ಹೊಡೆಯಬೇಕಿತ್ತು? ಗೆದ್ದ ನೀವೇ ಆ ಪುಸ್ತಕದ ಹೆಸರು ಎತ್ತಬೇಡಿ ಅಂತ ಅಪ್ಪಣೆ ಕೊಟ್ಟಿದ್ದಿರಿ. ಹೇಗೋ ಮರ್ಯಾದೆ ಉಳೀತು ಅಂತ ತಾನೂ ಬಾಯಿ ಮುಚ್ಚಿಕೊಂಡೆ ಎಂದಳು. ಪಕ್ಕದವರೂ ನಕ್ಕರು. ಜಡ್ಜಮ್ಮ ಎದ್ದು ಹೊರಗೆ ಬಂದಳು.

*

ಏಳನೆಯ ಭಾಗ ಬಂದ ದಿನ ಜಡ್ಜಮ್ಮ ಅದನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ಹೋಗಿದ್ದಳು. ಒಲೆಯ ಪಕ್ಕ ಕೂತು ಓದಿದಳು, ಹಾಸಿಗೆಯಲ್ಲಿ ಓದಿದಳು. ಇನ್ನೇನು ಮುಗಿಯಬೇಕು ಅನ್ನುವಾಗ ನಾಯಕಿ ಹಲಗೆಯಿಂದ ಕಾಲು ತೆಗೆದು, ಹಿಮದಲ್ಲಿ ಕುದುರೆಯೇರಿ ಕೋಟೆಗೆ ಮರಳಿ, ಗಂಡನೆದುರು ಬಗ್ಗಿದಳು. ಅಧ್ಯಾಯ ಅಲ್ಲಿಗೆ ಮುಗಿದಿತ್ತು. ಇನ್ನೊಂದು ಉಳಿದಿತ್ತು. ಜಡ್ಜಮ್ಮ ಪುಸ್ತಕವನ್ನು ಗೋಡೆಗೆ ಬೀಸಿ ಒಗೆದು ಮಲಗಿಬಿಟ್ಟಳು.

ಮರುದಿನ ಮೊದಲ ಚಾದರದ ಮೊದಲ ಮಡಿಕೆಗೇ ಪುಟ್ಟಕ್ಕ ಕೇಳಿದಳು: “ಏನಾಯ್ತು?”

“ವಾಪಸ್ ಹೋದಳು.”

ದೂರ ಸರಿದರು. ಮತ್ತೆ ಹತ್ತಿರ ಬಂದರು.

“ನಿಜವಾಗಿಯೂ?”

“ಓದಿದವಳು ನಾನಾ ನೀನಾ?”

ಪುಟ್ಟಕ್ಕನ ಕೈಯಲ್ಲಿದ್ದ ಚಾದರದ ತುದಿ ಜಾರಿತು. ಅಷ್ಟು ವರ್ಷಗಳಲ್ಲಿ ಅವಳ ಕೈಯಿಂದ ಚಾದರ ಜಾರಿದ್ದು ಜಡ್ಜಮ್ಮ ಕಂಡಿರಲಿಲ್ಲ. ಬಗ್ಗಿ ಎತ್ತಿಕೊಳ್ಳುತ್ತ ಪುಟ್ಟಕ್ಕ, “ಆಮೇಲೆ?” ಎಂದಳು.

“ಆಮೇಲೆ ಏನಿರುತ್ತೆ, ಮಣ್ಣು. ಹೆಂಗಸರು ಹೋಗೋದಿಲ್ಲ ಕಣೆ. ಗಂಟು ಕಟ್ಟೋದು, ಬಿಚ್ಚೋದು, ಮತ್ತೆ ಕಟ್ಟೋದು. ಅಷ್ಟೇ ನಮ್ಮ ಹಣೇಬರಹ.”

ಸಿಟ್ಟಿನಲ್ಲಿ ಆಡಿದ ಮಾತು. ಚೆನ್ನಾಗಿದೆ ಅನಿಸಿ ಆ ದಿನ ಇನ್ನೂ ಇಬ್ಬರು ಮೂವರಿಗೆ ಹೇಳಿದ್ದಳು. ಪುಟ್ಟಕ್ಕ ತನ್ನ ಸರದಿ ಬಿಟ್ಟುಕೊಟ್ಟಳು. ನೀನು ಓದಿದ್ದೀಯಲ್ಲ, ಸಾಕು, ಎಂದಳು. ಪುಸ್ತಕ ನೇರವಾಗಿ ಹೊಲಿಗೆಯಾಕೆಯ ಕೈಗೆ ಹೋಯಿತು. ಸ್ವಲ್ಪ ದಿನದಲ್ಲೇ ಕೆಳಗೆ ಹೊಸ ಬಾಯ್ಲರ್‌ನವನು ಬಂದ. ಅವನು ಮುಳ್ಳನ್ನು ತನ್ನ ಕೋಣೆಯಲ್ಲೇ ನೋಡಿಕೊಳ್ಳುತ್ತಿದ್ದ.

*

ಹೊರಗೆ ಚಳಿಯಿತ್ತು. ಬಸ್ ನಿಲ್ದಾಣ ಚಿತಾಗಾರದ ಗೇಟಿಗೇ ಅಂಟಿಕೊಂಡಿತ್ತು. ಜಡ್ಜಮ್ಮ ಗೋಡೆಗೆ ಒರಗಿ ನಿಂತಿದ್ದಾಗ ಹಳೆಯ ಬಾಯ್ಲರ್‌ನವನು ಟೋಪಿ ಕೈಯಲ್ಲಿ ಹಿಡಿದು ಹತ್ತಿರ ಬಂದ. ಕೊನೆಯವರೆಗೆ ನಿಲ್ಲೋದಿಲ್ಲ, ದೂರ ಹೋಗಬೇಕು, ಒಳಗೆ ಬೂದಿ ಇಸಿದುಕೊಳ್ಳೋ ಹಕ್ಕು ತನಗಿಲ್ಲ ಎಂದ. ಆಮೇಲೆ ಕೇಳಿದ:

“ನಿಮಗೆ ಗೊತ್ತಿತ್ತಾ?”

ಇಲ್ಲ ಎಂದು ತಲೆಯಾಡಿಸಿದಳು.

ಬಂದುಬಿಡು ಎಂದು ಅವನು ಕೇಳಿದ್ದನಂತೆ. ಏಳನೆಯ ಭಾಗ ಬರಲಿ ಎಂದಿದ್ದಳಂತೆ ಪುಟ್ಟಕ್ಕ. ಮೊದಲು ತಮಾಷೆ ಅಂದುಕೊಂಡ. ಆಮೇಲೆ ತಿಳಿಯಿತು. ಒಂದು ಛತ್ರಿ ಕೊಳ್ಳಬೇಕಾದರೂ ಯಾವುದು ಅಂತ ಅಂಗಡಿಯವನನ್ನೇ ಕೇಳುವ ಹೆಂಗಸು, ಇಷ್ಟು ದೊಡ್ಡದನ್ನು ಒಬ್ಬಳೇ ಹೇಗೆ ತೀರ್ಮಾನಿಸಿಯಾಳು? ಆ ಪುಸ್ತಕದವಳು ದಾಟಿದರೆ ನನಗೂ ಧೈರ್ಯ ಬರುತ್ತೆ ಅಂದಳಂತೆ. ಅವನೂ ಕಾದ, ದೇವರು ಲೇಖಕಿಗೆ ಒಳ್ಳೆಯ ಆರೋಗ್ಯ ಕೊಡಲಿ ಎಂದು ಹಾರೈಸುತ್ತ.

“ಪುಸ್ತಕ ಬಂದ ವಾರ ಕೆಳಗಿಳಿದು ಬಂದು, ಆಗೋದಿಲ್ಲ ಅಂದಳು. ಇನ್ನೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಊರಿಗೆ ಹೋದ ಮೇಲೆ ಲೈಬ್ರರೀಲಿ ಕೂತು ಏಳನೇದು ಓದಿದೆ. ಪೂರ್ತಿ ಓದಿದೆ. ನೋಡ್ತೀನಿ, ಆಕೆ ದಾಟಿಬಿಟ್ಟಿದ್ದಾಳೆ.” ಅವನು ಟೋಪಿಯ ಅಂಚನ್ನು ತಿರುಗಿಸಿದ. “ಪುಸ್ತಕದವಳು ದಾಟಿದರೂ ಇವಳು ದಾಟಲಿಲ್ಲ. ಅಂದರೆ ಪುಸ್ತಕ ಬರೀ ನೆಪ. ನಾನೇ ಬೇಡವಾಗಿದ್ದೆ. ನೋವಾಗದ ಹಾಗೆ ಹೇಳೋಕೆ ದಾರಿ ಹುಡುಕ್ತಿದ್ದಳು, ಅಷ್ಟೇ.”

ಜಡ್ಜಮ್ಮ ಅವನ ಬೂಟುಗಳನ್ನು ನೋಡಿದಳು. ಈ ದಿನಕ್ಕೆಂದೇ ಪಾಲಿಶ್ ಮಾಡಿದ್ದವು.

“ನೀವು ದಿನವೆಲ್ಲ ಜೊತೆಗಿದ್ದವರು. ಅದನ್ನ ಓದಿದ ಮೇಲೆ ಅವಳು ಏನಾದರೂ ಅಂದಳಾ?”

ಓದಲೇ ಇಲ್ಲ ಎಂದರೆ ಸಾಕಿತ್ತು. ಆದರೆ ಆ ಮಾತಿನ ಹಿಂದೆಯೇ ಯಾಕೆ ಎಂಬುದು ಬರುತ್ತದೆ, ಅದರ ಹಿಂದೆ ಯಾರು ಎಂಬುದು. ಅಲ್ಲದೆ, ‘ಬರುತ್ತಿದ್ದಳೇನೋ’ ಎಂಬುದನ್ನು ಹೊತ್ತು ತಿರುಗುವುದು ಅವನಿಗೆ ‘ನಾನೇ ಬೇಡವಾಗಿದ್ದೆ’ ಎಂಬುದಕ್ಕಿಂತ ಹಗುರವೇ? ಅವಳು ಅಳೆದಳು. ಜೀವಮಾನದಲ್ಲಿ ಮೊದಲ ಸಲ ತಕ್ಕಡಿಯ ಮುಳ್ಳು ಯಾವ ಕಡೆಗೂ ವಾಲಲಿಲ್ಲ.

“ಏನೂ ಅನ್ನಲಿಲ್ಲ,” ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವನು ತಲೆದೂಗಿದ. ಅಷ್ಟೇ ಇರುತ್ತದೆಂದು ಗೊತ್ತಿದ್ದು ಕೇಳಿದವನ ಹಾಗೆ. ಟೋಪಿ ಹಾಕಿಕೊಂಡು ನಿಲ್ದಾಣದ ಕಡೆ ನಡೆದ.

ಒಳಗಿನಿಂದ ಪುಟ್ಟಕ್ಕನ ಗಂಡ ಅವಳನ್ನು ಹುಡುಕಿಕೊಂಡು ಬಂದ. ಸರದಿ ಬಂತು, ನೀವು ಮುಂದೆ ನಿಲ್ಲಬೇಕು ಎಂದ. ಕೋಟಿನ ಗುಂಡಿಯನ್ನು ಹಾಕಿ ತೆಗೆದು ಮಾಡಿದ.

“ಅವಳು ನಿಮ್ಮ ಮಾತು ಬಹಳ ನಂಬ್ತಿದ್ದಳು. ಪರದೆ ಬಣ್ಣದಿಂದ ಹಿಡಿದು ಏನೇ ಕೇಳಿದರೂ, ತಾಳಿ, ಅವಳನ್ನ ಕೇಳಿ ಹೇಳ್ತೀನಿ ಅನ್ನೋಳು. ಮನೇಲಿ ನಮ್ಮಿಬ್ಬರ ಮಾತು ಅಂದರೆ ಹೆಚ್ಚುಕಡಿಮೆ ಅದೇ.”

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು, ಮುಚ್ಚಿತು.

ಜಡ್ಜಮ್ಮ ಅವನನ್ನು ಅಲ್ಲೇ ಬಿಟ್ಟು ಓಡಿದಳು. ಓಟ ಅನ್ನಬಹುದಾದರೆ; ಮಂಡಿಗಳು ಅದಕ್ಕೆ ಒಪ್ಪಿ ಬಹಳ ಕಾಲವಾಗಿತ್ತು. ಬಸ್ಸು ಇನ್ನೂ ದಾರಿಗೆ ತಿರುಗುತ್ತಿತ್ತು. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಅವನು ಕೂತಿದ್ದ ಕಿಟಕಿಯ ಗಾಜನ್ನು ಬಡಿದಳು. ಒಳಗೆ ಅವನು ಮಂಜುಗಟ್ಟಿದ ಗಾಜನ್ನು ಅಂಗೈಯಿಂದ ಒರೆಸಿ ನೋಡಿದ.

“ಓದಲಿಲ್ಲ ಅವಳು,” ಎಂದಳು ಜಡ್ಜಮ್ಮ. “ಕೇಳಿಸ್ತಾ? ಅವಳು ಓದಲೇ ಇಲ್ಲ. ನಾನು ಹೇಳಿದ್ದು. ನಾನೂ ಓದಿರಲಿಲ್ಲ.”

ಬಸ್ಸು ಉರುಳತೊಡಗಿತು. ಅವಳು ಗಾಜಿಗೆ ಕೈಯಿಟ್ಟು ಪಕ್ಕದಲ್ಲೇ ನಡೆಯುತ್ತ ಹೇಳುತ್ತಲೇ ಇದ್ದಳು. ಮಾತು ಕೇಳಿಸದ ಅವನು, ತನ್ನನ್ನು ಕಳಿಸಿಕೊಡಲು ಓಡಿ ಬಂದಳೆಂದುಕೊಂಡು ಮುಖ ಅರಳಿಸಿದ. ಟೋಪಿ ತೆಗೆದು, ಆಯ್ತು, ಆಯ್ತು ಎನ್ನುವಂತೆ ತಲೆಯಾಡಿಸುತ್ತ, ಬಸ್ಸು ತಿರುವು ದಾಟುವವರೆಗೂ ಕೈ ಬೀಸಿದ.